ಮಣ್ಣು ನಾಲ್ಕಕ್ಕೆ

"ಕೈ ತಗೀ ಅದರ ಮ್ಯಾಲಿಂದ!"

ಹುಲಿಗೆಪ್ಪ ಕೀಬೋರ್ಡನ್ನು ತನ್ನ ಕಡೆ ಜಗ್ಗಿದ. ವೈರು ಬಿಗಿದು ಮಾನಿಟರು ಅಲುಗಾಡಿತು. ದೀಕ್ಷಿತಾ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಬಾಗಿಲ ಪರದೆಯ ಆಚೆ, ಒಳಮನೆಯಲ್ಲಿ, ಹಣಮಂತ್ರಾಯರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕಾತ್ರಜದ ಈ ಡಿಟಿಪಿ ಅಂಗಡಿಯ ಹಿಂದೆಯೇ ಅವರ ಮನೆ. ಪುಣೆಗೆ ದುಡಿಯಲು ಬಂದ ಕನ್ನಡದವರ ಲಗ್ನಪತ್ರಿಕೆ ಮಾಡಿಕೊಟ್ಟೇ ತಲೆ ಹಣ್ಣಾದ ಮನುಷ್ಯ. ಅದರ ಜೊತೆಗೆ ಏಳು ವರ್ಷದಿಂದ 'ಪುಣೆದಾಗ ನಮ್ಮ ಮಂದಿ' ಎಂಬ ಬ್ಲಾಗು ನಡೆಸುತ್ತಿದ್ದರು. ಎಲ್ಲಿ ಕೆಲಸ ಸಿಗುತ್ತದೆ, ಯಾರಿಗೆ ಕೂಸು ಹುಟ್ಟಿತು, ಯಾರು ತೀರಿಕೊಂಡರು, ಮಣ್ಣು ಎಷ್ಟೊತ್ತಿಗೆ, ಎಲ್ಲ ಅದರಲ್ಲೇ. ಇವತ್ತು ಬೆಳಿಗ್ಗೆ ಚಹಾದ ಕಪ್ಪು ಕೈಯಲ್ಲಿರುವಾಗಲೇ ಹೋಗಿಬಿಟ್ಟರು. ಈಗ ಅವರದೇ ಸುದ್ದಿ ಹಾಕಬೇಕಾಗಿತ್ತು.

"ಹಳೇ ಫಾಂಟಲ್ಲಿ ಹಾಕಿದ್ರೆ ಯಾರು ಓದ್ತಾರೆ ಹುಲಿಗೆಪ್ಪಣ್ಣ?" ಎಂದಳು ದೀಕ್ಷಿತಾ. ಪಕ್ಕದ ಹೋಟೆಲಿನ ಶೆಟ್ಟರ ಮಗಳು. ಸದಾಶಿವ ಪೇಠದ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. "ಆ ಫಾಂಟು ಈಗ ಯಾವ ಕೆಫೆಯಲ್ಲೂ ಇಲ್ಲ. ಹಾಕ್ಲಿಕ್ಕೆ ಬಿಡುದೂ ಇಲ್ಲ. ಹೊಸ ಸಾಫ್ಟ್‌ವೇರ್ ರೆಡಿ ಮಾಡಿಟ್ಟು ಎರಡು ತಿಂಗಳಾಯ್ತು ಮಾರಾಯ್ರೆ. ಒಂದು ಬಟನ್ ಒತ್ತಿದ್ರೆ ಎಲ್ಲಾ ಕಡೆ ಕನ್ನಡ ಕಾಣ್ತದೆ."

"ಮತ್ತ ಕೆಳಗ ಮಂದಿ ಬರದದ್ದು?"

"ಸರ್ ಬರೆದದ್ದು ಬರ್ತದೆ. ಜನ ಬರೆದದ್ದು ಬರುದಿಲ್ಲ."

"ನಮ್ಮವ್ವನ ಪುಟದಾಗ ನಲವತ್ಮೂರು ಮಂದಿ ಬರದಾರ. ಅಳಿಸಾಕ ನೀ ಯಾರವಾ?"

"ಹಾಗಾದ್ರೆ ಎಲ್ಲರಿಗೂ ಫೋನ್ ಮಾಡಿ!"

"ನನ್ನ ಹತ್ರ ಇರೋದು ಹನ್ನೊಂದು ನಂಬರ್. ಮಾಡೀನಿ. ಊರ ಮಂದಿ ಎಲ್ಲೆಲ್ಲಿ ಅದಾರಂತ ಗೊತ್ತಿದ್ದಾವ ಅಲ್ಲಿ ಕುಂತಾನ!"

*

ಐದು ವರ್ಷದ ಹಿಂದೆ ಹುಲಿಗೆಪ್ಪ ಪುಣೆಯ ಇನ್ನೊಂದು ತುದಿಯ ವಾಕಡದಲ್ಲಿ ಗೌಂಡಿ ಕೆಲಸಕ್ಕಿದ್ದ. ತಾಯಿ ಕಲ್ಲವ್ವ ಕಾತ್ರಜದಲ್ಲಿ, ಅಕ್ಕನ ಮನೆಯಲ್ಲಿ. ಆಗ ಅವನ ಹತ್ತಿರ ಫೋನಿರಲಿಲ್ಲ. ಒಂದು ಐತವಾರ ಎಂದಿನ ಕೆಫೆ ಮುಚ್ಚಿತ್ತು, ಬೇರೊಂದಕ್ಕೆ ಹೋಗಿ ಬ್ಲಾಗು ತೆಗೆಸಿದ. ಕನ್ನಡವೇ ಇಲ್ಲ, ಪರದೆ ತುಂಬ ಇಂಗ್ಲಿಷಿನಂಥ ಅಕ್ಷರ. ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವನು. ಇವತ್ತು ಇಂಗ್ಲಿಷಿನಾಗ ಏನೋ ಹಾಕ್ಯಾರ ಎಂದುಕೊಂಡು ಎದ್ದು ಚಹಾಕ್ಕೆ ಹೋದ.

ಅದು ಅವನ ತಾಯಿ ಸತ್ತ ಸುದ್ದಿ. ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಹಾಗೆ ಕಾಣುತ್ತದೆಂದು ಅವನಿಗೇನು ಗೊತ್ತು? ಮರುದಿನ ಯಾರೋ ಹೇಳಿ ಕಾತ್ರಜಕ್ಕೆ ಬಂದಾಗ ಮಣ್ಣು ಮುಗಿದಿತ್ತು. ನೆಟ್ಟಗೆ ಅಂಗಡಿಗೆ ಬಂದು ಹಣಮಂತ್ರಾಯರ ಕಾಲರು ಹಿಡಿದ.

"ಕನ್ನಡದಾವ ಆಗಿ ಇಂಗ್ಲಿಷಿನಾಗ ಯಾಕ ಬರದಿ?"

ಅವರು ಅವನನ್ನು ಕುರ್ಚಿಯ ಮೇಲೆ ಕೂರಿಸಿ ತಮ್ಮ ಯಂತ್ರದಲ್ಲಿ ಕಲ್ಲವ್ವನ ಪುಟ ತೆಗೆದರು. ಕೆಳಗೆ ನಲವತ್ಮೂರು ಮಂದಿಯ ಮಾತು. ಬರೆಯಲು ಬಾರದ ಮರೆಮ್ಮ ಹೇಳಿದ್ದನ್ನು ಹಣಮಂತ್ರಾಯರೇ ಹಾಕಿದ್ದರು: 'ಪುಣೆಗೆ ಬಂದ ಮೊದಲನೇ ದಿನ ನನಗ ರೊಟ್ಟಿ ಕೊಟ್ಟಾಕಿ.' ಹುಲಿಗೆಪ್ಪ ಒಂದೊಂದೇ ಸಾಲು ಓದಿದ. ಮಣ್ಣಿಗೆ ಬರಲಾಗದವನಿಗೆ ಅದೇ ಮಣ್ಣು.

ಮುಂದಿನ ಐತವಾರದಿಂದ ಹಣಮಂತ್ರಾಯರು ಫ್ಲಾಪಿ ಹಿಡಿದು ಪುಣೆಯ ಕೆಫೆ ಕೆಫೆ ಅಲೆದರು. ಮರಾಠಿಯಲ್ಲಿ ಕೈಮುಗಿದು ಕೇಳಿಕೊಂಡು ಫಾಂಟು ಹಾಕಿಸಿದರು.

*

ಸುಮಂಗಲಾ ಪರದೆ ಸರಿಸಿ ಬಂದಳು. ಕಣ್ಣು ಬಾತಿದ್ದವು.

"ಗಂಡನ್ನ ಕೂಡ್ರಿಸೀನಿ ಒಳಗ. ನೀವಿಲ್ಲಿ ಸಂತಿ ಹಚ್ಚೀರಿ."

"ಅಕ್ಕಾರ, ಅವರಿಗೂ ಇದು ಬ್ಯಾಡಾಗಿತ್ತು. ನೀವ ಹೇಳ್ರಿ ಈಕೀಗೆ."

"ಬ್ಯಾಡ ಅಂದಿಲ್ಲಪಾ. ತಡಿ ಅಂದಿದ್ರು." ಅವಳು ಮೇಜಿನ ಕೆಳಗಿನಿಂದ ಕಾಗದದ ಕಟ್ಟು ಎಳೆದಳು. ಮಂದಿ ಬರೆದದ್ದನ್ನೆಲ್ಲ ಅಚ್ಚು ತೆಗೆದಿಟ್ಟಿದ್ದರು. "ದಿನಾ ನಸುಕಿನಾಗ ಎದ್ದು ಒಬ್ಬೊಬ್ಬರದು ಹೊಸಾದ್ರಾಗ ಬಡೀತಿದ್ರು. ತಪ್ಪಿದ್ರ ತಪ್ಪನ ಬಡಿಯೋದು. ಅವರು ಹಂಗ ಅಂದಾರ, ತಿದ್ದಾಕ ನಾ ಯಾರು ಅಂತ."

ಹುಲಿಗೆಪ್ಪನ ದನಿ ಇಳಿಯಿತು. "ಎಲ್ಲಿತನಕ ಬಂದಾರ?"

ದೀಕ್ಷಿತಾ ನೋಡಿ ಹೇಳಿದಳು. "ಎರಡು ಸಾವಿರದ ಮೂರು. ದೀಪಾವಳಿ."

ಕಲ್ಲವ್ವ ತೀರಿಕೊಂಡದ್ದು ಅದಾಗಿ ಮೂರು ತಿಂಗಳಿಗೆ.

ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ಹುಲಿಗೆಪ್ಪ ಆ ಕಡೆ ನೋಡುತ್ತ ನಿಂತ. ವಾಕಡದಲ್ಲೋ ಎಲ್ಲೋ ಈಗ ಒಬ್ಬ ಬ್ಲಾಗು ತೆಗೆಸಿ ಕೂತಿರುತ್ತಾನೆ. ಇಂಗ್ಲಿಷಿನಾಗ ಏನೋ ಹಾಕ್ಯಾರ ಎಂದು ಎದ್ದು ಚಹಾಕ್ಕೆ ಹೋಗುತ್ತಾನೆ.

ಕೀಬೋರ್ಡನ್ನು ಅವಳ ಮುಂದೆ ತಳ್ಳಿದ. "ಒತ್ತು."

"ಖಂಡಿತಾ?"

"ಒತ್ತು ಅಂದ್ರ ಒತ್ತು! ಬರಕೋ. ಹಣಮಂತ್ರಾಯರು ತೀರಿಕೊಂಡಾರ. ಮಣ್ಣು ನಾಲ್ಕಕ್ಕ, ಕಾತ್ರಜ."

"ಹೆಸರಿನ ಹಿಂದೆ ಶ್ರೀ ಹಾಕ್ಲಾ?"

"ಹಾಕು. ಇದ್ದಾಗ ಯಾರೂ ಹಾಕಲಿಲ್ಲ."

*

ಮೂರೂವರೆಗೆ ವಾಕಡದಿಂದ ಒಂದು ಟೆಂಪೊ ತುಂಬ ಮಂದಿ ಇಳಿದರು. ಆಮೇಲೆ ರಿಕ್ಷಾ, ಸಿಟಿ ಬಸ್ಸು. ಹುಲಿಗೆಪ್ಪ ಕಂಡೇ ಇರದ ಮುಖಗಳು. ಹಿಡಿ ಮಣ್ಣು ಹಾಕಲು ಸರದಿಯಲ್ಲಿ ನಿಲ್ಲಬೇಕಾಯಿತು.

"ಭಾಳ ದಿನಕ್ಕ ಬ್ಲಾಗು ಕನ್ನಡದಾಗ ಬಂತು ನೋಡ್ರಿ," ಎಂದ ಸಂಕಪ್ಪ, ಟೆಂಪೊದಲ್ಲಿ ಬಂದವನು. "ಬಂದದ್ದು ಇಂಥಾ ಸುದ್ದಿ."

ಮಣ್ಣು ಮುಗಿಸಿ ಬಂದವರು ಅಂಗಡಿಯ ಮುಂದಿನ ನಳದಲ್ಲಿ ಕೈಕಾಲು ತೊಳೆದುಕೊಂಡರು. ಹುಲಿಗೆಪ್ಪ ಎಲ್ಲರಿಗಿಂತ ಮೊದಲೇ ತೊಳೆದು, ಕಾಗದದ ಕಟ್ಟು ಬಿಚ್ಚಿ ಯಂತ್ರದ ಮುಂದೆ ಕೂತಿದ್ದ.

"ಕ ಎಲ್ಲದ?"

"ಇಂಗ್ಲಿಷಿನ ಕೆ ಒತ್ತಿ. ಜೆ ಪಕ್ಕ."

"ಜೆ ಎಲ್ಲದ?"

ದೀಕ್ಷಿತಾ ಬೆಳಗಿನಿಂದ ಮೊದಲ ಸಲ ನಕ್ಕಳು. ಸಂಕಪ್ಪ ಒದ್ದೆ ಕೈ ಅಂಗಿಗೆ ಒರೆಸಿಕೊಳ್ಳುತ್ತ ಬಗ್ಗಿ ನೋಡಿದ. "ಇದರಾಗ ನಂದೂ ಇರಬೇಕಲ್ರಿ? ನಂದು ನಾನ ಬಡೀತೀನಿ."

"ನಂದೂ ಅದ," ಎಂದರು ಹಿಂದಿನಿಂದ ಯಾರೋ.

"ಸರೀರಿ, ಮೊದಲು ನಂದು." ಮರೆಮ್ಮ ಎಲ್ಲರನ್ನೂ ನೂಕಿಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. "ಬರಕೋ ಹುಲಿಗೆಪ್ಪ. ಪುಣೆಗೆ ಬಂದ ಮೊದಲನೇ ದಿನ ಕಲ್ಲವ್ವ ನನಗ ರೊಟ್ಟಿ ಕೊಟ್ಟಾಕಿ. ಪಲ್ಲೆನೂ ಕೊಟ್ಟಿದ್ಲು, ಆವತ್ತ ಹೇಳಾಕ ಮರತೆ. ಅದನ್ನೂ ಹಾಕು."

ಹುಲಿಗೆಪ್ಪನ ತೋರುಬೆರಳು ಕೀಗಳ ಮೇಲೆ 'ಪ' ಹುಡುಕುತ್ತ ಹೊರಟಿತು. ಅವನ ಬೆನ್ನ ಹಿಂದೆ, ಅಂಗಡಿಯ ಬಾಗಿಲು ದಾಟಿ ರಸ್ತೆಯ ತನಕ, ಮಂದಿ ಒದ್ದೆ ಕೈ ಜಾಡಿಸುತ್ತ ಸಾಲು ಹಚ್ಚಿದ್ದರು.