ಜಾಲರಿಯ ಕಸದಲ್ಲೊಂದು ಹಾಲುಹಲ್ಲು

ಭೂಮಿಯನ್ನು ದಿನಕ್ಕೆ ಹದಿನಾರು ಸಲ ಸುತ್ತುವ ಆ ಬಾಹ್ಯಾಕಾಶ ನಿಲ್ದಾಣದಲ್ಲಿ ರಿಪೇರಿ ಇಂಜಿನಿಯರನಿಗೆ ಅದು ಏಳನೇ ತಿಂಗಳು. ಆಳೆತ್ತರದ ಪಂಪನ್ನು ಎರಡೇ ಬೆರಳಲ್ಲಿ ಹಿಡಿದ ಫೋಟೋ ಮನೆಗೆ ಕಳಿಸಿ ಬೀಗಿದ್ದ ಮಹಾಶಯ, ಮಗಳ ಒಂದು ಹಾಲುಹಲ್ಲನ್ನು ಹಿಡಿದಿಟ್ಟುಕೊಳ್ಳಲಾರದೆ ಹೋಗಿದ್ದ.

ಹೊರಡುವಾಗ ಮಗಳು ತನ್ನ ಬಿದ್ದ ಮುಂಭಾಗದ ಹಲ್ಲನ್ನು ಪುಟ್ಟ ಡಬ್ಬಿಯಲ್ಲಿಟ್ಟು, "ಜೋಪಾನ ಅಪ್ಪ, ವಾಪಸ್ ತರ್ಬೇಕು" ಎಂದು ಆಣೆ ಹಾಕಿಸಿಕೊಂಡಿದ್ದಳು. ಮೂರು ವಾರದ ಹಿಂದೆ ಕಿಟಕಿಯ ಬಳಿ ಅದರ ಫೋಟೋ ತೆಗೆಯಲು ಡಬ್ಬಿ ಬಿಚ್ಚಿದ, ಸೀನು ಬಂತು, ಹಲ್ಲು ಮಾಯ. ಆಮೇಲಿನ ಎರಡು ಭಾನುವಾರವೂ ಎಂದಿನ ಬರೀ ದನಿಯ ಕರೆಯಲ್ಲಿ ಏನೇನೋ ನೆವ ಹೇಳಿ ಜಾರಿಕೊಂಡ. ಇವತ್ತು, ಅವನು ಬಂದ ಮೇಲಿನ ಮೊದಲ ವಿಡಿಯೊ ಕರೆಯಲ್ಲಿ, ತೋರಿಸಲೇಬೇಕೆಂದು ಮಗಳು ಹಟ ಹಿಡಿದಿದ್ದಳು. ಕರೆಗೆ ಇನ್ನು ಒಂದೇ ಗಂಟೆ.

ಅಲ್ಲಿ ಕೈತಪ್ಪಿದ್ದು ಕೆಳಗೆ ಬೀಳುವುದಿಲ್ಲ. ಗಾಳಿಯೊಂದಿಗೆ ತೇಲಿ, ಗಾಳಿ ಹೀರುವ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ. ಇದು ಅವನಿಗೂ ಗೊತ್ತು. ತೊಂದರೆ ಏನೆಂದರೆ, ಸಾಮಾನಿನ ಚೀಲಗಳ ಹಿಂದಿನ ಜಾಲರಿಯ ಕಸ ತೆಗೆಯುವ ಪಾಳಿ ಅವನದೇ. ಪ್ರತಿ ಶನಿವಾರ ಪಟ್ಟಿಯಲ್ಲಿ 'ಆಯಿತು' ಎಂದು ಗುರುತು ಹಾಕಿದ್ದ. ಕಸ ಮಾತ್ರ ತೆಗೆದಿರಲಿಲ್ಲ. ಮನೆಯಲ್ಲೂ ಕಸವನ್ನು ಮಂಚದ ಕೆಳಗೆ ತಳ್ಳುತ್ತಿದ್ದ ಕೈಯಲ್ಲವೇ! ಕುಣಿಯಲಾರದವರು ನೆಲ ಡೊಂಕು ಎನ್ನಬಹುದು. ಇಲ್ಲಿ ದೂರಲು ನೆಲವೂ ಇರಲಿಲ್ಲ.

ಜಾಲರಿ ಬಿಚ್ಚಬೇಕಾದರೆ ಫ್ಯಾನು ನಿಲ್ಲಿಸಬೇಕು. ಅದಕ್ಕೆ ತಂಡದ ಮುಖ್ಯಸ್ಥೆಯ ಅಪ್ಪಣೆ ಬೇಕು.

"ಮೇಡಂ, ಹಿಂದಿನ ಫ್ಯಾನು ಸ್ವಲ್ಪ ನಿಲ್ಲಿಸ್ಬೇಕಿತ್ತು."

"ನಿನ್ನೆ ತಾನೆ ಕ್ಲೀನ್ ಮಾಡಿದ್ರಲ್ಲ? ಗುರುತು ಹಾಕಿದ್ದೀರ."

ಕಳ್ಳನ ಮನಸ್ಸು ಹುಳ್ಳಗೆ. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು; ಮಗಳ ಆಣೆ ಅದನ್ನು ತಡೆಯಿತು.

"ಗುರುತು ಹಾಕಿದ್ದೀನಿ. ಕ್ಲೀನ್ ಮಾಡಿಲ್ಲ. ಒಂದು ತಿಂಗಳಾಯ್ತು. ಮಗಳ ಹಲ್ಲು ಅದರಲ್ಲಿದೆಯೇನೋ."

ಮುಖ್ಯಸ್ಥೆ ಬೈಯಲಿಲ್ಲ. ಸುಮ್ಮನೆ ಫ್ಯಾನು ನಿಲ್ಲಿಸಿ, ಎದುರಿಗೇ ಕೈಕಟ್ಟಿ ತೇಲುತ್ತಾ ನೋಡಿದಳು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

ಜಾಲರಿಯ ಮೇಲೆ ಕಸ ಕಂಬಳಿಯಷ್ಟು ದಪ್ಪ ಕೂತಿತ್ತು. ಅದರೊಳಗೆ ತಂಡದ ವೈದ್ಯನ ನೇಲ್ ಕಟರ್, ಎರಡು ಸ್ಕ್ರೂ, ಎಲ್ಲರ ಕೂದಲು. ಕೊನೆಗೆ, ಮೂಲೆಯಲ್ಲಿ, ಹಲ್ಲು. ಅವನಿಗೆ ಹೋದ ಜೀವ ಬಂದಂತಾಯಿತು. ಮುಖ್ಯಸ್ಥೆಯ ಕಣ್ಣೆದುರು, ಹುಟ್ಟಿದಾಗಿನಿಂದ ಮಾಡದಷ್ಟು ಚೊಕ್ಕಟವಾಗಿ ಆ ಜಾಲರಿಯನ್ನೂ ಸುತ್ತಮುತ್ತಲನ್ನೂ ಒರೆಸಿದ.

ಕರೆ ಬಂತು. ತೆರೆಯ ಮೇಲೆ ಹೆಂಡತಿ, ಮಗಳು. ಅವನು ಹಲ್ಲನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದ. "ನೋಡು ಪುಟ್ಟಿ, ಭದ್ರವಾಗಿದೆ!"

ಮಗಳು ನೋಡಿ ನಕ್ಕಳು. ಅವನು ಹೊರಟಾಗ ಇದ್ದ ಹಲ್ಲಿನ ಸಂದಿ ಅವಳ ಬಾಯಲ್ಲಿರಲಿಲ್ಲ. ಅಲ್ಲೊಂದು ಹೊಸ ಹಲ್ಲು, ಅಗಲವಾಗಿ, ಪೂರ್ತಿ ಬಂದು ಕೂತಿತ್ತು.

"ನಂಗೆ ಬೇರೆ ಬಂತಲ್ಲ ಅಪ್ಪ! ಕಳೆದ ಸಲ ಹೇಳೋಣ ಅಂದ್ರೆ ನೀನು ಬೇಗ ಫೋನ್ ಇಟ್ಬಿಟ್ಟೆ. ಅದನ್ನ ನೀನೇ ಇಟ್ಕೋ."

ಏಳು ತಿಂಗಳು ಎಷ್ಟುದ್ದ ಎಂಬುದು ಅವನಿಗೆ ಆಗ ತಿಳಿಯಿತು.

"ಯಾಕ್ರೀ, ಕಣ್ಣು ಕೆಂಪಗಿದೆ?" ಎಂದಳು ಹೆಂಡತಿ.

"ಏನಿಲ್ಲ, ಕಸ ಬಿತ್ತು."

ಹಿಂದಿನಿಂದ ಮುಖ್ಯಸ್ಥೆಯ ದನಿ ಕೇಳಿತು. "ಕಸ ಅಲ್ಲಮ್ಮ. ಇವತ್ತು ಎಲ್ಲಾ ತೆಗೆದಿದ್ದಾರೆ. ನಾನೇ ನಿಂತು ನೋಡಿದ್ದೀನಿ."