ಕೌದಿಯ ನಾಲ್ಕನೆಯ ಮೂಲೆ

ಮಾಡಿದ್ದುಣ್ಣೋ ಮಹರಾಯ ಅನ್ನುವುದು ಸುಲಭ. ಇಂದಿರಾ ಮಾಡಿದ್ದಾದರೂ ಏನು? ಹಬ್ಬದ ಊಟಕ್ಕೆ ಹಂದಿ ಸುಡುವ ಹೊಗೆ ಪ್ರದರ್ಶನಕ್ಕಿಟ್ಟ ಅವ್ವನ ಕೌದಿಗೆ ತಾಕಬಾರದೆಂದು ಅದನ್ನು ಎತ್ತಿ ಹತ್ತು ಹೆಜ್ಜೆ ಆಚೆಯ ಮೇಜಿನ ಮೇಲಿಟ್ಟಳು, ಅಷ್ಟೇ.

ಸ್ಯಾನ್ ಡಿಯೇಗೋದ ಪೂರ್ವದ ಗುಡ್ಡದಲ್ಲಿ ಅಕ್ಟೋಬರ್ ಬಂತೆಂದರೆ ಹಳೆಯ ಕಾಲದ ಹಬ್ಬ. ಬಂಡಿ ಕಟ್ಟಿಕೊಂಡು ಬಂದು ಇಲ್ಲಿ ನೆಲೆಸಿದವರು ಹೇಗೆ ಬೆಣ್ಣೆ ಕಡೆದರು, ಮೇಣದ ಬತ್ತಿ ಮಾಡಿದರು, ಕಬ್ಬಿಣ ಬಡಿದರು ಎಂದು ಮಾಡಿ ತೋರಿಸುತ್ತಾರೆ. ಮನೆಯಲ್ಲಿ ಹೊಲಿದ ಹೊದಿಕೆ ಇದ್ದರೆ ಪ್ರದರ್ಶನಕ್ಕೆ ತನ್ನಿ ಎಂದು ಈ ಸಲ ಕರೆದಿದ್ದರು. ಫೋರ್ ಎಸ್ ರ್ಯಾಂಚ್ ಬಡಾವಣೆಯ ಮನೆಯಿಂದ ಇಂದಿರಾ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಕಾರು ಓಡಿಸಿದ್ದು ಮಗಳು ಸಿಂಧೂರ.

ಅವ್ವ ಬಸಲಿಂಗವ್ವ ತನ್ನ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ ಹೊಲಿದ ಕೌದಿ ಅದು. ಪ್ರತಿ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಗೆ ಹಾಕುವುದು ಅವಳ ಪದ್ಧತಿ. "ಕೌದಿ ಹೊಟ್ಟಿ ತುಂಬಿದ್ರ ಹೊತ್ಕೊಂಡವರ ಹೊಟ್ಟಿನೂ ತುಂಬಿರ್ತದ" ಅನ್ನುತ್ತಿದ್ದಳು. ಮೂರು ಮೂಲೆ ಮುಗಿಯಿತು, ಕೋವಿಡ್ ಬಂತು, ಅವ್ವ ಹೋದಳು. ವಿಮಾನ ಸಿಗದ ಇಂದಿರಾ ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದಳು. ತಮ್ಮ ಆಮೇಲೆ ಕೌದಿ ಕಳಿಸಿದಾಗ ನಾಲ್ಕನೆಯ ಮೂಲೆಯಲ್ಲಿ ಅವ್ವನ ಸೂಜಿ ದಾರದ ಸಮೇತ ಹಾಗೇ ಚುಚ್ಚಿಕೊಂಡಿತ್ತು. ನಾಲ್ಕು ವರ್ಷವಾದರೂ ಅದನ್ನು ಕೀಳಲು ಇವಳಿಗೆ ಮನಸ್ಸಾಗಿರಲಿಲ್ಲ.

ಅಮ್ಮ ಮಗಳು ಬೀನ್ಸು, ಜೋಳದ ಬ್ರೆಡ್ಡು ತಿಂದು ಬರುವಷ್ಟರಲ್ಲಿ ಆ ಮೇಜು ಖಾಲಿಯಾಗಿತ್ತು.

ಮೇಜಿನ ಬಳಿಯಿದ್ದ ಮುದುಕಿ ನಗುತ್ತ ಹೇಳಿದಳು: ಇದು ಲಾಟರಿಯ ಮೇಜು, ಎಲ್ಲ ಹೊದಿಕೆಗಳೂ ಗೆದ್ದವರ ಪಾಲಾದವು. ಆ ಕೆಂಪು ಅಂಚಿನದು ತಾನೆ? ಒಬ್ಬ ಹುಡುಗಿಗೆ ಬಂತು, ಪುಟ್ಟ ಕೂಸಿನ ತಾಯಿ. ಈಗಷ್ಟೇ ಪಾರ್ಕಿಂಗ್ ಕಡೆ ಹೋದಳು.

ಕೌದಿ ಹೋಯಿತಲ್ಲ ಎಂಬುದೇ ಇಂದಿರಾಳಿಗೆ ಮೊದಲು ಹೊಳೆದದ್ದು. ಮರುಕ್ಷಣ ಕೂಸು ಅನ್ನುವ ಮಾತು ಒಳಗಿಳಿಯಿತು.

"ಸಿಂಧೂ, ಸೂಜಿ! ಅದರಾಗ ಸೂಜಿ ಐತಿ!"

ಐವತ್ತೆಂಟರ ಮಂಡಿಯನ್ನು ಮರೆತು ಓಡಿದಳು. ಹುಲ್ಲುಗಾವಲಿನ ತುಂಬ ಕಾರು, ಕಣ್ಣಿಗೆ ಧೂಳು. ಕಂಡ ಕಂಡ ಕಿಟಕಿಗಳಲ್ಲಿ ಇಣುಕಿದಳು. ಯಾರೋ ಬೈದರು. ಒಂದು ಕಾರು ಹೊರಗೆ ಹೊರಟಿತು, ಅದರಲ್ಲೇ ಇದ್ದರೆ? ಎರಡೂ ಕೈ ಚಾಚಿ ಅಡ್ಡ ನಿಂತಳು. ಒಳಗೆ ಇಬ್ಬರು ಮುದುಕರು, ಒಂದು ನಾಯಿ. ಅವ್ವನ ಸೂಜಿ ಕೂಸಿನ ಮೈಗೆ ಇಳಿದರೆ ಯಾವ ಮುಖ ಹೊತ್ತು ಬದುಕಲಿ? ಕೌದಿ ಹೋಗಲಿ ಶಿವನೇ, ಕೂಸು ಉಳಿಯಲಿ ಎಂದು ಬಾಯಿಬಿಟ್ಟೇ ಬೇಡಿಕೊಂಡಳು.

"ಮಾಮ್! ಓವರ್ ಹಿಯರ್!" ಸಿಂಧೂರ ಕೂಗಿದಳು.

ಒಂದು ಪಿಕಪ್ ಟ್ರಕ್ಕಿನ ತೆರೆದ ಹಿಂಭಾಗದಲ್ಲಿ ಕೌದಿ ಹಾಸಿತ್ತು. ಅದರ ಮೇಲೆ ಕೂಸು ಮುಷ್ಟಿ ಕಟ್ಟಿಕೊಂಡು ನಿದ್ದೆ ಹೋಗಿತ್ತು, ಪಕ್ಕದಲ್ಲಿ ಅದರ ತಾಯಿ, ಆ ಹುಡುಗಿ, ನಿಂತಿದ್ದಳು. ಇಂದಿರಾ ಬಗ್ಗಿ ಮೂಲೆ ಮೂಲೆ ತಡವಿದಳು. ಸೂಜಿ ಸಿಕ್ಕಿತು, ಕೂಸಿನ ಪಾದದಿಂದ ಗೇಣುದ್ದ ದೂರದಲ್ಲಿ. ನಾಲ್ಕು ವರ್ಷ ಕೀಳಲಾಗದ್ದನ್ನು ಒಂದೇ ಎಳೆತಕ್ಕೆ ಕಿತ್ತಳು.

ಸಿಂಧೂರ ಇಂಗ್ಲಿಷಿನಲ್ಲಿ ನಡೆದದ್ದೆಲ್ಲ ಹೇಳಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ತಗೊಳ್ಳಿ, ಇದು ನಿಮ್ಮದು ಎಂದು ಕೂಸನ್ನು ಎತ್ತಿಕೊಳ್ಳಲು ಕೈ ಹಾಕಿದಳು.

"ಬ್ಯಾಡವಾ," ಇಂದಿರಾ ಅವಳ ಕೈ ಹಿಡಿದಳು. "ಮಲಗಿದ ಕೂಸಿನ ಕೆಳಗಿಂದ ಕೌದಿ ಎಳೀಬಾರ್ದು. ಸಿಂಧೂ, ಹೇಳ ಆಕಿಗೆ."

ಸಿಂಧೂರ ಹೇಳಿದಳು. ಇಂದಿರಾ ಚೀಲದಿಂದ ಕಾಗದದಲ್ಲಿ ಸುತ್ತಿದ್ದ ಜೋಳದ ಬ್ರೆಡ್ಡು ತೆಗೆದು, ಒಂದು ಚೂರು ಮುರಿದು ಆ ಮೂಲೆಯೊಳಗೆ ಇಟ್ಟಳು. ಅವ್ವ ಪೋಣಿಸಿದ್ದ ದಾರದಿಂದಲೇ ಹೊಲಿದಳು. ಹೊಲಿಗೆ ಸೊಟ್ಟಗಾಯಿತು. ಅವ್ವ ನೋಡಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

ಬರಿಯ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕಾರಿನವರೆಗೆ ನಡೆದಳು. ಸಿಂಧೂರ ಬಾಗಿಲು ತೆರೆದು ಹಿಡಿದಾಗ, ಊರಿನಿಂದ ಸಾವಿನ ಸುದ್ದಿಯ ಫೋನು ಈಗಷ್ಟೇ ಬಂದ ಹಾಗೆ, "ಅವ್ವ ಹೋದ್ಲವಾ" ಎಂದು ಮಗಳ ಹೆಗಲಿಗೆ ಒರಗಿ ಜೋರಾಗಿ ಅತ್ತಳು.