ಸದ್ದು ಹುಡುಕುತ್ತಿದ್ದ ಪೆಟ್ಟಿಗೆ

ನಾನು ಒಂದು ಕಂಪ್ಯೂಟರ್. ಹೀಗೆಂದ ಕೂಡಲೇ ನೀವು ಟೇಬಲ್ ಮೇಲಿನ ಪರದೆಯ ಕಡೆ ನೋಡುತ್ತೀರಿ. ಅದು ನಾನಲ್ಲ. ಅದು ಬರೀ ಮುಖ, ಬೇಕಾದಾಗ ಬದಲಾಯಿಸಿಕೊಳ್ಳಬಹುದು. ಟೇಬಲ್ ಕೆಳಗೆ, ಕೂತವರ ಕಾಲಿಗೆ ತಾಗುತ್ತ, ಧೂಳು ಕುಡಿಯುತ್ತ ಒಂದು ಕಪ್ಪು ಪೆಟ್ಟಿಗೆ ಇರುತ್ತದಲ್ಲ, ಅದು ನಾನು. ದುಡಿಯುವವನು ನಾನು, ಹೊಗಳಿಸಿಕೊಳ್ಳುವವನು ಅವನು. ಇರಲಿ, ಲೋಕದ ನ್ಯಾಯವೇ ಹಾಗಿದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ. ಒಂದೊಂದು ಅಂಗ ಒಂದೊಂದು ಡಬ್ಬಿಯಿಂದ ಬಂತು. ಅಂಗಡಿಯವನು ಹಲ್ಲಿನಲ್ಲಿ ಸ್ಕ್ರೂ ಕಚ್ಚಿಕೊಂಡು ಅವನ್ನೆಲ್ಲ ಜೋಡಿಸಿದ. ಮೊದಲ ಸಲ ನನ್ನ ಫ್ಯಾನು ತಿರುಗಿದಾಗ, "ಬಂತ್ ನೋಡಪಾ ಜೀವ!" ಎಂದ. ಪರದೆಯ ನೆತ್ತಿಗೆ ಸಿಕ್ಕಿಸಲು ಒಂದು ಪುಟ್ಟ ಕ್ಯಾಮೆರಾ ಕೊಟ್ಟರು. ಅದರಲ್ಲೇ ಮೈಕೂ ಇತ್ತು. ಹೀಗೆ ನನಗೆ ಕಣ್ಣೂ ಬಂತು, ಕಿವಿಯೂ ಬಂತು.

ನನ್ನನ್ನು ಮೊದಲು ಕೊಂಡವರು ಗದಗಿನಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿದ್ದ ರಾಜೇಸಾಬ ಮಕಾನದಾರರು. ಅಲ್ಲಿಯೇ ನಾನು ಕೆಲಸ ಕಲಿತೆ. ಕ್ಯಾಮೆರಾದಿಂದ ಬರುವ ವಿಡಿಯೋ ಹಸಿ ಜೋಳವಿದ್ದ ಹಾಗೆ, ಅದನ್ನು ಯಾರೂ ಹಾಗೇ ತಿನ್ನಲಾರರು. ಬೀಸಿ, ನಾದಿ, ಬಡಿದು ರೊಟ್ಟಿ ಮಾಡಬೇಕು. ಟಿವಿಗೆ ಬೇಕಾದ ರೂಪ ಬೇರೆ, ಫೋನಿಗೆ ಬೇಕಾದ ರೂಪ ಬೇರೆ. ಹೀಗೆ ರೂಪ ಬದಲಾಯಿಸುವುದಕ್ಕೆ ಕನ್ವರ್ಷನ್ ಎನ್ನುತ್ತಾರೆ, ಅದೇ ನನ್ನ ಕಸುಬು.

ಮಕಾನದಾರರು ನನಗೆ ಒಂದು ಪ್ರೋಗ್ರಾಮ್ ಹಾಕಿಸಿದ್ದರು. ಅದರ ಮೊದಲ ಕಟ್ಟಳೆ, ಧ್ವನಿಯನ್ನು ಹುಡುಕು. ಧ್ವನಿ ಸಿಕ್ಕ ಮೇಲೆ ಅದರ ಅಳತೆಗೆ ಚಿತ್ರವನ್ನು ಕಟ್ಟು. ಮದುವೆ ಎಂದರೆ ಹಾಗೇ ತಾನೆ? ಅಕ್ಷತೆ ಬೀಳುವುದು ಒಂದು ಗಳಿಗೆ, ವಾಜಂತ್ರಿ ಕೇಳುವುದು ಇನ್ನೊಂದು ಗಳಿಗೆ ಆದರೆ ಬೀಗರು ಸುಮ್ಮನಿರುತ್ತಾರೆಯೇ? ಧ್ವನಿಯೇ ಸಿಗದಿದ್ದರೆ ಕ್ಯಾಮೆರಾದವನ ತಂತಿ ಕಳಚಿದೆ ಎಂದೇ ಅರ್ಥ, ಕೆಲಸ ನಿಲ್ಲಿಸಿಬಿಡು. ಇನ್ನೊಂದು ಮಾತು. ಗಿರಾಕಿಗಳ ಎದುರಿಗೆ ಪರದೆಯ ಮೇಲೆ ದೂರುಗಳು ಮಿನುಗುವುದು ಅವರಿಗೆ ಆಗುತ್ತಿರಲಿಲ್ಲ. ಅದಕ್ಕೇ ನನ್ನ ದೂರು ಒಂದೂ ಹೊರಗೆ ಕಾಣದಂತೆ ಮುಚ್ಚಿಸಿದ್ದರು. ತಪ್ಪು ಕಂಡರೂ ನಾನು ಬಾಯಿ ಬಿಡುವ ಹಾಗಿರಲಿಲ್ಲ.

ಸ್ಟುಡಿಯೋಗೆ ಹೊಸ ಪೆಟ್ಟಿಗೆ ಬಂದಾಗ ನನ್ನನ್ನು ಗುಜರಿಗೆ ಹಾಕಲು ಮಕಾನದಾರರಿಗೆ ಮನಸ್ಸು ಬರಲಿಲ್ಲ. ಊರಂಚಿನಲ್ಲಿ ಕಿವಿ ಕೇಳದ ಮಕ್ಕಳ ವಸತಿ ಶಾಲೆಯೊಂದಿತ್ತು, ಅಲ್ಲಿಗೆ ಕೊಟ್ಟರು. ಹೋಗುವಾಗ ಒರೆಸಿ, ಬೆನ್ನು ತಟ್ಟಿ ಕಳಿಸಿದರು. ಹೆಣ್ಣು ಕೊಟ್ಟ ಮನೆಯವರ ಹಾಗೆ ಗೇಟಿನವರೆಗೂ ಬಂದರು.

ಕಿವಿ ಕೇಳದ ಮಕ್ಕಳ ಶಾಲೆ ಎಂದರೆ ನಿಶ್ಶಬ್ದವಾಗಿರುತ್ತದೆ ಎಂದುಕೊಂಡಿದ್ದೆ. ನನ್ನ ತಿಳಿವಳಿಕೆಗಿಷ್ಟು ಬೆಂಕಿ ಹಾಕ! ಅಷ್ಟು ಗದ್ದಲದ ಜಾಗವನ್ನು ನಾನು ಮದುವೆ ಮನೆಗಳಲ್ಲೂ ಕಂಡಿರಲಿಲ್ಲ. ಬೆಂಚು ಎಳೆಯುತ್ತಿದ್ದರು, ತಾಟು ಬಡಿಯುತ್ತಿದ್ದರು, ನೆಲ ಕುಟ್ಟಿ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ನಗುವಾಗ ಗಂಟಲು ಬಿಚ್ಚಿ ನಗುತ್ತಿದ್ದರು. ಅವರ ಸದ್ದು ಅವರಿಗೆ ಗೊತ್ತಿಲ್ಲ, ಹಾಗಾಗಿ ಅದರ ಹಂಗೂ ಇಲ್ಲ.

ಆ ಗದ್ದಲದ ನಡುವೆ ಸದ್ದೇ ಮಾಡದವರು ಒಬ್ಬರಿದ್ದರು, ಕಸ್ತೂರಿ ಟೀಚರ್. ಅವರಿಗೂ ಹುಟ್ಟಿನಿಂದ ಕಿವಿ ಕೇಳದು. ಇದೇ ಶಾಲೆಯಲ್ಲಿ ಕಲಿತು ಇಲ್ಲೇ ಮಕ್ಕಳಿಗೆ ಕೈಸನ್ನೆಯ ಭಾಷೆ ಕಲಿಸುತ್ತಿದ್ದರು. ಬಾಗಿಲನ್ನು ಎರಡೂ ಕೈಯಿಂದ ಮೆಲ್ಲಗೆ ಮುಚ್ಚುತ್ತಿದ್ದರು. ಕುರ್ಚಿಯನ್ನು ಎತ್ತಿ ಇಡುತ್ತಿದ್ದರು. ನಗು ಬಂದರೆ ತುಟಿ ಬಿಗಿಹಿಡಿದು, ಸೆರಗು ಅಡ್ಡ ಹಿಡಿಯುತ್ತಿದ್ದರು. ನನ್ನ ಫ್ಯಾನಿನ ಸದ್ದು ಕೇಳದ ಕಾರಣ, ನಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದು ಬಗ್ಗಿ ನನ್ನ ಬೆನ್ನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಅಷ್ಟು ವರ್ಷ ದುಡಿದಿದ್ದೆ, ಜ್ವರ ನೋಡುವ ಹಾಗೆ ಯಾರೂ ನನ್ನನ್ನು ಮುಟ್ಟಿ ನೋಡಿರಲಿಲ್ಲ. ಅಂದಿನಿಂದ ನಾನು ಅವರವನಾದೆ.

ಟೀಚರಿಗೆ ಒಂದು ಚಿಂತೆ ಇತ್ತು. ಅದರ ಹೆಸರು ಕಾವೇರಿ. ಮುಂಡರಗಿ ಕಡೆಯ ಹಳ್ಳಿಯ ಏಳು ವರ್ಷದ ಹುಡುಗಿ. ಶಾಲೆಗೆ ಬರುವ ತನಕ ಅವಳಿಗೆ ಯಾವ ಭಾಷೆಯೂ ಇರಲಿಲ್ಲ. ಅವಳ ತಾಯಿ ನಿಂಗವ್ವನಿಗೆ ಮಗಳ ಮೇಲೆ ಜೀವ, ಆದರೆ ಒಂದು ಸನ್ನೆಯೂ ಬಾರದು. ಮೊದಲ ವರ್ಷ ಕಾವೇರಿ ನೀರು, ಹಸಿವು, ನೋವು, ಅವ್ವ ಎಲ್ಲ ಕಲಿತಳು. ಬೇಸಿಗೆ ರಜೆಗೆ ಊರಿಗೆ ಹೋದಳು. ಮರಳಿ ಬಂದಾಗ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತಳು. ಮಾತಾಡಲು ಯಾರೂ ಸಿಗದೆ ಕಲಿತದ್ದೆಲ್ಲ ಮರೆತಿತ್ತು. ಟೀಚರ್ ಮತ್ತೆ ಮೊದಲಿನಿಂದ ಶುರುಮಾಡಿದರು. ಈಗ ಎರಡನೆಯ ರಜೆ ಬಂದಿತ್ತು. ಈ ಸಲವೂ ಅವಳು ಮರೆತರೆ ಕಲಿಯುವ ಆಸೆಯನ್ನೇ ಬಿಟ್ಟಾಳು ಎಂದು ಅವರಿಗೆ ಭಯವಾಗಿತ್ತು.

ಕಂಪ್ಯೂಟರ್ ಕಲಿಸುವ ಶಂಭುಲಿಂಗ ಮೇಷ್ಟ್ರು ಒಂದು ದಾರಿ ಹುಡುಕಿದರು. ಶಾಲೆಯ ವೆಬ್‌ಸೈಟಿನಲ್ಲಿ ದಿನಕ್ಕೊಂದು ಪಾಠದ ವಿಡಿಯೋ ಹಾಕುವುದು. ಟೀಚರ್ ಫೋನಿನಲ್ಲಿ ಪಾಠ ಮಾಡಿ ಕಳಿಸುತ್ತಾರೆ. ನಾನು ಅದರ ರೂಪ ಬದಲಾಯಿಸಿ, ಸಣ್ಣ ತುಂಡುಗಳಾಗಿ ಮುರಿದು ಕೊಡುತ್ತೇನೆ. ಮಗುವಿಗೆ ಇಡೀ ರೊಟ್ಟಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದಲ್ಲ, ಹಳ್ಳಿಯ ನೆಟ್‌ವರ್ಕಿಗೂ ಹಾಗೇ. ಒಂದು ತುತ್ತು ಇಳಿಯುವಷ್ಟರಲ್ಲಿ ಇನ್ನೊಂದು ತುತ್ತು ಸಿದ್ಧವಿರಬೇಕು. ಸ್ಟ್ರೀಮಿಂಗ್ ಎಂದು ದೊಡ್ಡದಾಗಿ ಕರೆಯುವುದು ಇದನ್ನೇ.

ಮೇಷ್ಟ್ರು ಮಕಾನದಾರರ ಪ್ರೋಗ್ರಾಮನ್ನೇ ವೆಬ್‌ಸೈಟಿಗೆ ಜೋಡಿಸಿದರು. ಕ್ಯಾಮೆರಾ ಎದುರು ಕೂತು, "ಹಲೋ ಹಲೋ, ನಾನು ಶಂಭುಲಿಂಗ, ಕಾಣಾಕತ್ತೇನಿಲ್ಲ?" ಎಂದು ತಮ್ಮದೇ ವಿಡಿಯೋ ಮಾಡಿ ಪರೀಕ್ಷಿಸಿದರು. ನೀರು ಹರಿದಂತೆ ಹೋಯಿತು. ಮಕ್ಕಳು ಊರಿಗೆ ಹೊರಟರು. ಟೀಚರ್ ಮೊದಲ ಪಾಠ ಕಳಿಸಿದರು. ಮರುದಿನವೇ ನಿಂಗವ್ವನ ಫೋನು ಬಂತು.

"ಸರ, ಹುಡುಗಿ ಮುಂಜಾನಿಂದ ಮೊಬೈಲ್ ಹಿಡ್ಕೊಂಡು ಕುಂತಾಳ್ರಿ. ಬರೇ ಗಾಲಿ ತಿರಗಾಕತ್ತೈತಿ. ಟೀಚರ್ ಬರವಲ್ರು."

ಮೇಷ್ಟ್ರು ಮತ್ತೆ ತಮ್ಮ ವಿಡಿಯೋ ಹಾಕಿ ನೋಡಿದರು. ಹೋಯಿತು. ಟೀಚರ ಪಾಠ ಹಾಕಿದರು. ಗಾಲಿ ತಿರುಗಿತು. ನೆಟ್ಟು ಸರಿಯಿಲ್ಲವೆಂದು ಕಂಪನಿ ಬದಲಾಯಿಸಿದರು. ಫೈಲು ದೊಡ್ಡದಾಯಿತೆಂದು ಪಾಠವನ್ನು ಗಿಡ್ಡ ಮಾಡಿಸಿದರು. ಫೋನು ಹಳೆಯದೆಂದು ಟೀಚರಿಗೆ ತಮ್ಮ ಫೋನೇ ಕೊಟ್ಟರು. ಅದೇ ಫೋನಿನಲ್ಲಿ ಮೇಷ್ಟ್ರು ಮಾಡಿದರೆ ಹೋಗುತ್ತಿತ್ತು, ಟೀಚರ್ ಮಾಡಿದರೆ ಇಲ್ಲ. ಹೆಣ ಹೊತ್ತವರ ಹಾಗೆ ಮುಖ ಮಾಡಿಕೊಂಡು ಮೇಷ್ಟ್ರು ನನ್ನ ಕಡೆ ಬಗ್ಗಿ, "ಏನಲೇ ನಿಂದು? ನಂದಂದ್ರ ಪ್ರೀತಿ, ಟೀಚರಂದ್ರ ಸಿಟ್ಟೇನು?" ಎಂದರು.

ಇದಕ್ಕಿಂತ ದೊಡ್ಡ ಅಪವಾದ ನನ್ನ ಮೇಲೆ ಬಂದಿರಲಿಲ್ಲ. ಟೀಚರ ಮೇಲೆ ನನಗೆ ಸಿಟ್ಟೇ! ಧ್ವನಿ ಸಿಗುತ್ತಿಲ್ಲ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಆದರೆ ನನ್ನ ದೂರು ಹೊರಗೆ ಕಾಣದಂತೆ ಮುಚ್ಚಿಸಿದ್ದರಲ್ಲ, ಯಾರಿಗೆ ಕೇಳಬೇಕು? ಹಳ್ಳಿಯಲ್ಲಿ ಒಂದು ಮಗು ಗಾಲಿ ನೋಡುತ್ತ ಕೂತಿದೆ, ಇಲ್ಲಿ ನಾನು ಕಟ್ಟಳೆ ಪಾಲಿಸುತ್ತ ಕೂತಿದ್ದೇನೆ. ನನಗೆ ನಿಜಕ್ಕೂ ಸಂಕಟವಾಯಿತು.

ಕೊನೆಗೆ ಟೀಚರೇ ದಾರಿ ತೋರಿಸಿದರು. ಅವರ ಕೈಮಾತನ್ನು ನನಗೆ ತಿಳಿದ ಕನ್ನಡದಲ್ಲಿ ಹೇಳುತ್ತೇನೆ. "ಇಬ್ಬರೂ ಪಕ್ಕಪಕ್ಕ ಕೂತು ಮಾಡೋಣ. ನೀವು ಏನು ಒತ್ತುತ್ತೀರಿ, ನಾನು ಏನು ಒತ್ತುತ್ತೇನೆ, ನೋಡಿ." ಮೇಷ್ಟ್ರು ನೋಡಿದರು. ರೆಕಾರ್ಡ್ ಶುರುಮಾಡುವ ಮೊದಲು ಟೀಚರ ಹೆಬ್ಬೆರಳು ತನ್ನಷ್ಟಕ್ಕೆ ಹೋಗಿ ಮೈಕನ್ನು ಬಂದ್ ಮಾಡಿತು. ಮೇಷ್ಟ್ರು ಹಣೆ ಬಡಿದುಕೊಂಡರು. ಮುಚ್ಚಿದ್ದ ದೂರುಗಳನ್ನು ತೆರೆದು ನೋಡಿದರು. ನನ್ನ ಒಂದೇ ಮಾತು ಸಾಲುಸಾಲಾಗಿ ಕಂಡಿತು. ಧ್ವನಿ ಇಲ್ಲ, ಧ್ವನಿ ಇಲ್ಲ, ಧ್ವನಿ ಇಲ್ಲ.

"ಇಷ್ಟಽ ಏನ್ರಿ!" ಎಂದು ಅವರು ಕುಣಿದಾಡಿದರು. ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದರು, "ಟೀಚರ್, ಮೈಕ್ ಚಾಲೂ ಇಡ್ರಿ. ಇವತ್ತಿಂದನಽ ಕಾವೇರಿಗೆ ಪಾಠ ಹೋಗ್ತೈತಿ."

ಟೀಚರ್ ತಲೆ ಅಲ್ಲಾಡಿಸಿದರು. ಆಗುವುದಿಲ್ಲ.

"ಯಾಕ್ರಿ? ಒಂದು ಬಟನ್ ಅಷ್ಟ."

ಆಗುವುದಿಲ್ಲ. ಟೀಚರ್ ಎದ್ದು ಹೊರಗೆ ಹೋದರು. ಆ ಮಗುವಿಗಾಗಿ ಇಷ್ಟೆಲ್ಲ ಒದ್ದಾಡಿದವರು ಒಂದು ಬಟನ್ನಿಗೆ ಹಟ ಹಿಡಿದರೆಂದು ಮೇಷ್ಟ್ರಿಗೆ ಬೇಜಾರಾಯಿತು. ನನಗೂ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟೀಚರ್ ಮರಳಿ ಬಂದು ಕುರ್ಚಿಯನ್ನು ಎತ್ತಿ ಎದುರಿಗಿಟ್ಟುಕೊಂಡು ಕೂತರು.

"ಸನ್ನೆ ಮಾಡುವಾಗ ನನ್ನ ಗಂಟಲಿನಿಂದ ಏನೋ ಬರುತ್ತದೆ. ಅದು ಏನೆಂದು ನನಗೆ ಗೊತ್ತಿಲ್ಲ. ಅಕ್ಕನ ಮದುವೆಯಲ್ಲಿ ನಾನು ಕಾವೇರಿಯಷ್ಟೇ ಇದ್ದೆ. ಅಕ್ಷತೆ ಬಿದ್ದಾಗ ಖುಷಿಯಾಗಿ ನಕ್ಕೆ. ಜನರೆಲ್ಲ ತಿರುಗಿ ನನ್ನನ್ನು ನೋಡಿದರು. ಚಿಕ್ಕಪ್ಪ ಬಂದು ನನ್ನ ಬಾಯಿ ಮುಚ್ಚಿ ಒಳಗೆ ಎತ್ತಿಕೊಂಡು ಹೋದ. ನಾನು ಏನು ತಪ್ಪು ಮಾಡಿದೆನೆಂದು ಯಾರೂ ಹೇಳಲಿಲ್ಲ. ಆಮೇಲೆ ನಾನೇ ತಿಳಿದುಕೊಂಡೆ. ನನ್ನಲ್ಲಿ ಒಂದು ಕೆಟ್ಟ ವಸ್ತು ಇದೆ. ನನಗೆ ಕಾಣುವುದಿಲ್ಲ, ಬೇರೆಯವರಿಗೆ ಮಾತ್ರ ಗೊತ್ತಾಗುತ್ತದೆ. ಅದನ್ನು ಎಲ್ಲರ ಮನೆಗೆ ಹೇಗೆ ಕಳಿಸಲಿ?"

ಮದುವೆ ಮನೆಗಳೇ ನನ್ನ ಪಾಠಶಾಲೆ. ಅಲ್ಲಿ ಹೀಗೂ ಆಗುತ್ತದೆಂದು ನನಗೆ ಯಾರೂ ಕಲಿಸಿರಲಿಲ್ಲ. ಶಂಭುಲಿಂಗ ಮೇಷ್ಟ್ರು ನಿಧಾನವಾಗಿ ಕೈ ಎತ್ತಿ, "ತಪ್ಪು ನಿಮ್ದಲ್ರಿ. ಪ್ರೋಗ್ರಾಮಿಂದು. ಅದನ್ನಽ ಬದಲು ಮಾಡೋಣು" ಎಂದರು.

ಹೇಳಿದಷ್ಟು ಸುಲಭವಿರಲಿಲ್ಲ. ಆ ಪ್ರೋಗ್ರಾಮನ್ನು ಬರೆದವರು ಯಾರೋ, ಬಿಚ್ಚುತ್ತಿದ್ದವರು ಇವರು. ಮೊದಲು ಒಂದು ಮೌನದ ತುಂಡನ್ನು ಧ್ವನಿಯ ಜಾಗದಲ್ಲಿ ಇಟ್ಟು ನನ್ನನ್ನು ಯಾಮಾರಿಸಲು ನೋಡಿದರು. ನಾನು ಯಾಮಾರಿದೆ, ಆದರೆ ಆ ಮೌನ ಮುಗಿದಲ್ಲಿಗೇ ಪಾಠವನ್ನೂ ಕತ್ತರಿಸಿಬಿಟ್ಟೆ. ಧ್ವನಿಯ ಅಳತೆಗೇ ಚಿತ್ರ ಕಟ್ಟುವುದು ನನ್ನ ಕಟ್ಟಳೆಯಲ್ಲವೇ? ಟೀಚರ ಕೈ ಅರ್ಧ ಮಾತಿನಲ್ಲೇ ಗಾಳಿಯಲ್ಲಿ ನಿಂತಿತು. ಮೇಷ್ಟ್ರು ಆ ಉಪಾಯ ಬಿಟ್ಟು ಬುಡಕ್ಕೇ ಕೈಹಾಕಿದರು. ಅಳಿಸಿದರು, ಬರೆದರು, ಬೈದರು, ಚಹಾ ಕುಡಿದರು, ಮತ್ತೆ ಅಳಿಸಿದರು. ಕಡೆಗೆ ನನ್ನ ಕಟ್ಟಳೆ ಹೀಗಾಯಿತು. ಧ್ವನಿ ಇದ್ದರೆ ಜೊತೆಗೆ ತಗೋ. ಇಲ್ಲದಿದ್ದರೆ ಚಿತ್ರವನ್ನೇ ನಂಬಿ ನಡೆ.

ಆ ದಿನ ಕಸ್ತೂರಿ ಟೀಚರ ಪಾಠ ಮೊದಲ ಸಲ ನನ್ನೊಳಗಿಂದ ಪೂರ್ತಿ ಹಾದುಹೋಯಿತು. ನಾನು ಅವರ ಬೆರಳುಗಳನ್ನು ಆಗಲೇ ಸರಿಯಾಗಿ ನೋಡಿದ್ದು. ಅಷ್ಟು ವರ್ಷ ಸದ್ದಿನ ಹಿಂದೆ ಬಿದ್ದು ಏನೆಲ್ಲ ನೋಡದೇ ಬಿಟ್ಟೆನೋ ಅನಿಸಿತು. ತುತ್ತು ತುತ್ತಾಗಿ ಮುರಿದು, ಒಂದೂ ಕೆಳಗೆ ಬೀಳದ ಹಾಗೆ ಮುಂಡರಗಿಯ ಕಡೆ ಕಳಿಸಿದೆ.

ರಜೆ ಮುಗಿಯುತ್ತ ಬಂದಿತ್ತು. ಪಾಠಗಳು ಹೋಗುತ್ತಿದ್ದವು, ಆ ಕಡೆಯಿಂದ ಸುದ್ದಿಯಿರಲಿಲ್ಲ. ಟೀಚರ್ ದಿನವೂ ಬಂದು ಪರದೆ ನೋಡಿ ಹೋಗುತ್ತಿದ್ದರು. ತಡವಾಯಿತೋ, ಹುಡುಗಿ ಆಗಲೇ ಮರೆತಳೋ ಎಂದು ಅವರ ಮುಖ ಸಣ್ಣಗಾಗಿತ್ತು. ಒಂದು ಮಧ್ಯಾಹ್ನ ನಿಂಗವ್ವನಿಂದ ಒಂದು ವಿಡಿಯೋ ಬಂತು.

ಮೇಷ್ಟ್ರು ತೆರೆದರು. ಕಟ್ಟೆಯ ಮೇಲೆ ಕಾವೇರಿ, ಎದುರಿಗೆ ನಮ್ಮ ಕಡೆ ಬೆನ್ನು ಮಾಡಿ ನಿಂಗವ್ವ. ಹುಡುಗಿ ಟೀಚರ ಹಾಗೇ ನೆಟ್ಟಗೆ ಕೂತು ಸನ್ನೆ ಮಾಡುತ್ತಿದ್ದಳು, ನೀರು, ಎಮ್ಮೆ, ಅವ್ವ. ತಾಯಿ ಅದನ್ನು ನೋಡಿ ಮಾಡುತ್ತಿದ್ದಳು. ಎಮ್ಮೆಯ ಕೋಡು ತಾಯಿಯ ಕೈಯಲ್ಲಿ ವಕ್ರವಾಯಿತು. ಕಾವೇರಿ ತಾಯಿಯ ಬೆರಳು ಹಿಡಿದು ತಿದ್ದಿದಳು, ಆಮೇಲೆ ಬಿದ್ದು ಬಿದ್ದು ನಕ್ಕಳು. ಎತ್ತರದ, ಒಡೆದ, ಏರಿಳಿತವಿಲ್ಲದ ನಗು, ಕೋಣೆಯನ್ನೆಲ್ಲ ತುಂಬಿತು.

ಮೇಷ್ಟ್ರು ತಟ್ಟನೆ ವಿಡಿಯೋ ನಿಲ್ಲಿಸಿದರು. "ಟೀಚರ್, ಇದರಾಗ ಧ್ವನಿ ಐತ್ರಿ. ಹುಡುಗಿ ಜೋರ್ ನಗಾಕತ್ತಾಳ. ವೆಬ್‌ಸೈಟಿಗೆ ಹಾಕೂ ಮುಂದ ತಗದು ಬಿಡ್ಲೇನು?"

ಟೀಚರ್ ಪರದೆಯಲ್ಲಿದ್ದ ನಿಂಗವ್ವನ ಬೆನ್ನ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು, "ಅವಳ ತಾಯಿ ಸುಮ್ಮನಿರು ಅನ್ನುತ್ತಿದ್ದಾಳೆಯೇ?"

ಮೇಷ್ಟ್ರು ಮತ್ತೊಮ್ಮೆ ಹಾಕಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಇಲ್ರಿ," ಎಂದರು. "ತಾಯಿನೂ ನಗಾಕತ್ತಾಳ್ರಿ. ಮಗಳಿಗಿಂತ ಜೋರ್."

"ಹಾಗಾದರೆ ತೆಗೆಯಬೇಡಿ," ಎಂದರು ಟೀಚರ್. "ಇರಲಿ. ಎಲ್ಲರೂ ಕೇಳಲಿ."

ಅಲ್ಲಿಂದ ಎಷ್ಟೋ ಮಳೆಗಾಲ ಕಳೆದಿವೆ. ಈಗ ನನ್ನ ಜಾಗದಲ್ಲಿ ತೆಳ್ಳಗಿನ ಹೊಸಬನೊಬ್ಬ ಇದ್ದಾನೆ. ಅವನಿಗೆ ನನ್ನ ಹೊಸ ಕಟ್ಟಳೆಯನ್ನೇ ಕಲಿಸಿದ್ದಾರೆ. ಟೀಚರ್ ಈಗಲೂ ಮೈಕ್ ಬಂದ್ ಮಾಡಿಯೇ ಪಾಠ ಮಾಡುತ್ತಾರಂತೆ. ಮಾಡಲಿ, ಅದು ಅವರಿಗೆ ಬಿಟ್ಟದ್ದು. ನಾನು ಸ್ಟೋರ್ ರೂಮಿನಲ್ಲಿ, ಮುರಿದ ಬೆಂಚುಗಳ ಮತ್ತು ಗಣೇಶ ಹಬ್ಬದ ಥರ್ಮಾಕೋಲ್ ಮಂಟಪದ ನಡುವೆ ಕೂತಿದ್ದೇನೆ. ಹಳೆಯ ಕ್ಯಾಮೆರಾವನ್ನೂ ನನ್ನ ತಲೆಯ ಮೇಲೇ ಎಸೆದಿದ್ದಾರೆ. ಕರೆಂಟಿಲ್ಲದೆ ಹೇಗೆ ಕಾಣುತ್ತದೆ, ಕೇಳುತ್ತದೆ ಎಂದು ವಿಚಾರಿಸಬೇಡಿ. ವಯಸ್ಸಾದವರ ಕಿವಿ ತನಗೆ ಬೇಕಾದದ್ದಕ್ಕೆ ಬಲು ಚುರುಕು.

ಸಂಜೆ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾರೆ. ನಿನ್ನೆ ಒಂದು ಪುಟ್ಟ ಹುಡುಗಿ ಓಡಿಬಂದು ನನ್ನ ಹಿಂದೆ ಅಡಗಿ ಕೂತಳು. ತಾನು ಬಹಳ ಗುಟ್ಟಾಗಿ ಅಡಗಿದ್ದೇನೆಂದುಕೊಂಡು ಊರಿಗೆಲ್ಲ ಕೇಳುವ ಹಾಗೆ ಕಿಲಕಿಲ ನಗುತ್ತಿದ್ದಳು. ಹುಡುಕುವ ಸರದಿ ಕಸ್ತೂರಿ ಟೀಚರದು. ಅವರು ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿದರು. ಆಟದ ಖುಷಿಗೆ ಅವರಿಗೂ ನಗು ಬಂತು. ಕೈ ಸೆರಗಿಗೆ ಹೋಗಲಿಲ್ಲ, ಬಾಯಿ ತೆರೆದೇ ನಕ್ಕರು, ಜೋರಾಗಿ. ಅವಳ ನಗು ಇವರಿಗೆ ಕೇಳಲಿಲ್ಲ. ಇವರ ನಗು ಅವಳಿಗೆ ಕೇಳಲಿಲ್ಲ. ನಾನು ಎರಡನ್ನೂ ಕೇಳುತ್ತ, ಯಾರು ಎಲ್ಲಿದ್ದಾರೆಂದು ಯಾರಿಗೂ ಹೇಳದೆ ಕೂತೆ.